ಮ್ಯಾಟ್ ಬೋರ್ಡ್ ಕತ್ತರಿಸುವಾಗ ಮೂಲೆಗಳು ಕೆಡುವುದೇಕೆ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಜಲವರ್ಣ ಚಿತ್ರಗಳಿಗೆ ಮನೆಯಲ್ಲಿಯೇ ಫ್ರೇಮ್ ಹಾಕುತ್ತಿದ್ದೇನೆ. ಫ್ರೇಮ್ ಜೋಡಿಸುವ ಕೆಲಸ ಕೈಗೆ ಹತ್ತಿದೆಯಾದರೂ, ಚಿತ್ರದ ಸುತ್ತ ಕೂರಿಸುವ ಮ್ಯಾಟ್ ಬೋರ್ಡಿನಲ್ಲಿ ಕಿಟಕಿ ಕತ್ತರಿಸುವುದು ಇನ್ನೂ ಒಲಿದಿಲ್ಲ. ಬ್ಲೇಡನ್ನು 45 ಡಿಗ್ರಿ ಓರೆಯಾಗಿ ಹಿಡಿಯುವ ಕೈ ಕಟರ್ ಮತ್ತು ಉಕ್ಕಿನ ಸ್ಕೇಲ್ ನನ್ನಲ್ಲಿವೆ. ಬೋರ್ಡಿನ ದಪ್ಪ ಸುಮಾರು 1.4 ಮಿ.ಮೀ. ಹಿಂಬದಿಯಲ್ಲಿ ಗೆರೆ ಎಳೆದುಕೊಂಡು ಅಲ್ಲಿಂದಲೇ ಕೊಯ್ಯುತ್ತೇನೆ.

ನಾಲ್ಕು ಬದಿಗಳನ್ನೂ ಕೊಯ್ದ ಮೇಲೂ ಒಳಗಿನ ತುಂಡು ಒಂದೆರಡು ಮೂಲೆಗಳಲ್ಲಿ ಅಂಟಿಕೊಂಡೇ ಇರುತ್ತದೆ, ಎಳೆದರೆ ಮುಂಬದಿಯ ಬಣ್ಣದ ಕಾಗದ ಸಿಗಿದು ಬರುತ್ತದೆ. ಹಾಗಾಗದಿರಲೆಂದು ಗೆರೆ ದಾಟಿಸಿ ಕೊಯ್ದರೆ ಮುಂಬದಿಯ ಮೂಲೆಯಾಚೆಗೆ ಕೂದಲೆಳೆಯಂಥ ಗೀರು ಮೂಡುತ್ತದೆ. ಇದಲ್ಲದೆ, ಪ್ರತಿ ಕೊಯ್ತದ ಆರಂಭದಲ್ಲಿ ಅರ್ಧ ಸೆಂಟಿಮೀಟರಿನಷ್ಟು ಭಾಗ ಕೊಕ್ಕೆಯಂತೆ ಬಾಗಿರುತ್ತದೆ. ಕೈಯ ಬಲ ಸಾಲದೆ ಹೀಗಾಗುತ್ತಿದೆಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ:

ಬಲದ ಕೊರತೆಯಲ್ಲ, ಬಹುಶಃ ಬಲ ಹೆಚ್ಚಾಗಿದೆ. ಆರಂಭದಲ್ಲಿ ಕೊಯ್ತ ಬಾಗುವುದಕ್ಕೆ ಕಾರಣ, ತೆಳುವಾದ ಬ್ಲೇಡನ್ನು ಓರೆಯಾಗಿ ಒತ್ತಿ ಇಳಿಸುವಾಗ ಅದರ ಮೊನೆ ಪಕ್ಕಕ್ಕೆ ಬಳುಕಿ, ಕಟರ್ ಮುಂದೆ ಸರಿದ ಮೇಲಷ್ಟೇ ನೆಟ್ಟಗಾಗುವುದು. ಬ್ಲೇಡ್ ಹೋಲ್ಡರಿನಿಂದ ಎಷ್ಟು ಹೊರಗೆ ಚಾಚಿರುತ್ತದೆಯೋ ಅಷ್ಟು ಹೆಚ್ಚು ಬಳುಕುತ್ತದೆ. ಆದ್ದರಿಂದ ಮೊದಲು ಆಳವನ್ನು ಸರಿಪಡಿಸಿಕೊಳ್ಳಿ. ಬೋರ್ಡಿನ ಅಡಿಯಲ್ಲಿ ಅದೇ ಜಾತಿಯ ರದ್ದಿ ತುಂಡೊಂದನ್ನು ಹಾಸಿ ಕೊಯ್ಯಿರಿ. ಆಮೇಲೆ ಆ ಹಾಸನ್ನು ತೆಗೆದು ನೋಡಿದರೆ ಅದರ ಮೇಲೆ ತೆಳ್ಳನೆಯ ಗೀರು ಮಾತ್ರ ಕಾಣಬೇಕು. ಗೀರೇ ಇಲ್ಲದಿದ್ದರೆ ಬ್ಲೇಡ್ ಮೇಲಿದೆ, ಹಾಸು ಅರ್ಧದಷ್ಟು ಸೀಳಿದ್ದರೆ ತೀರ ಕೆಳಗಿದೆ. ಹಾಸಿನಿಂದ ಇನ್ನೊಂದು ಲಾಭವೂ ಇದೆ: ಮುಂಬದಿಯ ಕಾಗದಕ್ಕೆ ಅಡಿಯಿಂದ ಆಸರೆ ದೊರೆತು ಅಂಚು ಹರಿಯದೆ ಶುಭ್ರವಾಗಿ ಬರುತ್ತದೆ. ಪ್ರತಿ ಕೊಯ್ತಕ್ಕೂ ಹಾಸನ್ನು ಸ್ವಲ್ಪ ಸರಿಸಿ. ಹಳೆಯ ಗೀರಿಗೆ ಸಿಕ್ಕಿದ ಬ್ಲೇಡ್ ಅದರ ದಾರಿಯನ್ನೇ ಹಿಡಿಯುತ್ತದೆ.

ಬ್ಲೇಡನ್ನು ಉಳಿಸುವ ಆಸೆ ಬೇಡ. ಕಾಗದ ಮೆತ್ತಗೆ ಕಂಡರೂ ಉಕ್ಕಿನ ಮೊನೆಯನ್ನು ಬೇಗನೆ ಮೊಂಡಾಗಿಸುತ್ತದೆ. ನಾನು ಒಂದೆರಡು ಕಿಟಕಿಗಳಿಗೊಮ್ಮೆ ಹೊಸ ಬ್ಲೇಡ್ ಹಾಕುತ್ತೇನೆ.

ಎರಡನೆಯ ಉತ್ತರ:

ಮೇಲಿನವರು ಹೇಳಿದ್ದೆಲ್ಲ ಸರಿ. ಮೂಲೆಯ ವಿಚಾರವನ್ನು ನಾನು ವಿವರಿಸುತ್ತೇನೆ, ಏಕೆಂದರೆ ಇದು ಅರ್ಥವಾಗುವ ತನಕ ನಾನೂ ಬಹಳಷ್ಟು ಬೋರ್ಡ್ ಹಾಳುಮಾಡಿದ್ದೇನೆ.

ಬ್ಲೇಡ್ ಹಿಂಬದಿಯ ಗೆರೆಯಲ್ಲಿ ಇಳಿದು, ಓರೆಯಾಗಿ ಸಾಗಿ, ಮುಂಬದಿಯಲ್ಲಿ ಗೆರೆಗಿಂತ ಹೊರಗೆ ಮೂಡುತ್ತದೆ. ಓರೆ 45 ಡಿಗ್ರಿ ಇರುವುದರಿಂದ ಎಷ್ಟು ದಪ್ಪವೋ ಅಷ್ಟೇ ಹೊರಗೆ, ಎಂದರೆ ನಿಮ್ಮ ಬೋರ್ಡಿನಲ್ಲಿ ಪ್ರತಿ ಬದಿಗೆ 1.4 ಮಿ.ಮೀ. ಹೀಗೆ ಮುಂಬದಿಯ ಕಿಟಕಿ ಹಿಂಬದಿಯದಕ್ಕಿಂತ ದೊಡ್ಡದು. ಹಿಂಬದಿಯಲ್ಲಿ ಗೆರೆಗಳು ಕೂಡುವ ಬಿಂದುವಿಗೆ ಸರಿಯಾಗಿ ನಿಂತರೆ ಮುಂಬದಿಯ ಮೂಲೆ ಕೊಯ್ಯದೆಯೇ ಉಳಿಯುತ್ತದೆ. ಕೂಡುಬಿಂದುವನ್ನು ಬೋರ್ಡಿನ ದಪ್ಪದಷ್ಟು ದಾಟಲೇಬೇಕು. ಬ್ಲೇಡಿನ ಮೊನೆಯ ಆಕಾರಕ್ಕೆ ತಕ್ಕಂತೆ ಈ ಅಳತೆ ತುಸು ಹೆಚ್ಚುಕಡಿಮೆಯಾಗುವುದರಿಂದ, ಅದೇ ಬೋರ್ಡಿನ ರದ್ದಿ ತುಂಡಿನಲ್ಲಿ ಅಂಗೈಯಗಲದ ಕಿಟಕಿಯೊಂದನ್ನು ಕೊಯ್ದು ನೋಡಿ, ಸರಿಬಂದ ಅಳತೆಯನ್ನು ಕಟರಿನ ಮೇಲೆಯೇ ಪೆನ್ಸಿಲಿನಿಂದ ಗುರುತು ಮಾಡಿಟ್ಟುಕೊಳ್ಳಿ. ಹಿಂಬದಿಯ ಗೆರೆಗಳನ್ನೂ ಮೂಲೆಯಲ್ಲಿ ನಿಲ್ಲಿಸದೆ ಬೋರ್ಡಿನ ಅಂಚಿನವರೆಗೆ ಎಳೆದರೆ ಕಟರನ್ನು ಎಲ್ಲಿ ಇಳಿಸಬೇಕು, ಎಲ್ಲಿ ಎತ್ತಬೇಕು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಇಷ್ಟಾದ ಮೇಲೂ ಮೂಲೆ ಬಿಡದಿದ್ದರೆ ಎಳೆಯಲೇಬೇಡಿ. ಗಡ್ಡ ಕೆರೆಯುವ ತೆಳ್ಳನೆಯ ಬ್ಲೇಡನ್ನು ಅದೇ ಓರೆಯಲ್ಲಿ ಸೀಳಿನೊಳಗೆ ತೂರಿಸಿ, ಉಳಿದ ಎಳೆಗಳನ್ನು ಮೆಲ್ಲನೆ ಬಿಡಿಸಿ. ತುಸು ಹೆಚ್ಚಾದ ಗೀರನ್ನು ಚಮಚದ ಬೆನ್ನಿನಿಂದ ಮೃದುವಾಗಿ ಉಜ್ಜಿದರೆ ಅದು ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಅಳತೆ ಹಾಕುವಾಗ ಈ 1.4 ಮಿ.ಮೀ. ಕಳೆಯಬೇಕೇ? ನನ್ನ ಚಿತ್ರ 20 x 28 ಸೆಂ.ಮೀ., ಫ್ರೇಮಿನೊಳಗೆ ಕೂರುವ ಬೋರ್ಡ್ 32 x 42 ಸೆಂ.ಮೀ. ಚಿತ್ರವನ್ನು ಮ್ಯಾಟಿನ ಹಿಂಬದಿಗೆ ಸುತ್ತಲೂ ಟೇಪ್ ಹಾಕಿ ಅಂಟಿಸಬಹುದೇ?

ಮೂರನೆಯ ಉತ್ತರ:

ಕಳೆಯಬೇಕಿಲ್ಲ. ಚಿತ್ರವನ್ನು ಮುಟ್ಟುವುದು ಹಿಂಬದಿಯ ಅಂಚಾದ್ದರಿಂದ ಅಲ್ಲಿನ ಗೆರೆಯೇ ಲೆಕ್ಕ. ಚಿತ್ರದ ಪ್ರತಿ ಬದಿಯಲ್ಲಿ 3 ಮಿ.ಮೀ. ಮುಚ್ಚುವಂತೆ ಕಿಟಕಿಯನ್ನು 19.4 x 27.4 ಸೆಂ.ಮೀ. ಮಾಡಿದರೆ, ಎಡಬಲಗಳಲ್ಲಿ ಮತ್ತು ಮೇಲೆ 6.3 ಸೆಂ.ಮೀ., ಕೆಳಗೆ 8.3 ಸೆಂ.ಮೀ. ಉಳಿಯುತ್ತದೆ. ಮೇಲೆ ಕೆಳಗೆ ಸಮವಾಗಿ ಬಿಟ್ಟರೆ ಚಿತ್ರ ಕೆಳಕ್ಕೆ ಜಾರಿದಂತೆ ತೋರುವುದರಿಂದ ಕೆಳಗಿನ ಪಟ್ಟಿ ಅಗಲವಾಗಿರುವುದೇ ಚೆಂದ. ನಿಮ್ಮ ಸಹಿ ಅಂಚಿಗೆ ಹತ್ತಿರವಿದ್ದರೆ ಅದು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಟೇಪನ್ನು ಮಾತ್ರ ದಯವಿಟ್ಟು ಬಳಸಬೇಡಿ. ಅದರ ಅಂಟು ವರ್ಷಗಳು ಕಳೆದಂತೆ ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಆ ಕಲೆ ಸುಲಭವಾಗಿ ಹೋಗುವುದಿಲ್ಲ. ಜೊತೆಗೆ ಕಾಗದ ಗಾಳಿಯ ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುತ್ತದೆ. ನಾಲ್ಕೂ ಕಡೆ ಕಟ್ಟಿಹಾಕಿದರೆ ಅದು ಅಲೆಯಲೆಯಾಗಿ ಉಬ್ಬದೆ ಬೇರೆ ದಾರಿಯಿಲ್ಲ. ಜಪಾನೀ ಕಾಗದದ ಎರಡು ಸಣ್ಣ ಪಟ್ಟಿಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಚಿತ್ರದ ಮೇಲಂಚಿಗೆ ಮಾತ್ರ ಹಚ್ಚಿ, ಹಿಂಬದಿಯ ಬೋರ್ಡಿಗೆ ತೂಗುಬಿಡಿ. ಈ ಅಂಟು ನೀರಿಗೆ ಬಿಡುವುದರಿಂದ ಮುಂದೆ ಬೇಕೆಂದಾಗ ಚಿತ್ರವನ್ನು ಹಾನಿಯಿಲ್ಲದೆ ಬಿಡಿಸಬಹುದು.

ನೀವು ಕೇಳದ ಇನ್ನೊಂದು ಮಾತು: ಬೋರ್ಡ್ ಯಾವುದು ಎಂದು ವಿಚಾರಿಸಿಕೊಳ್ಳಿ. ಸಾದಾ ಮರದ ತಿರುಳಿನ ಬೋರ್ಡಿನಲ್ಲಿರುವ ಲಿಗ್ನಿನ್ (ಮರದ ನಾರುಗಳನ್ನು ಬೆಸೆದು ಹಿಡಿಯುವ ವಸ್ತು) ಆಮ್ಲವಾಗಿ ಒಡೆದು, ಕಿಟಕಿಯ ಅಂಚಿನುದ್ದಕ್ಕೂ ಚಿತ್ರದ ಮೇಲೆ ಕಂದು ಗೆರೆಯನ್ನು ಸುಟ್ಟಂತೆ ಮೂಡಿಸುತ್ತದೆ. ನನ್ನಲ್ಲಿರುವ ಹಳೆಯ ಚಿತ್ರವೊಂದರಲ್ಲಿ ಮ್ಯಾಟ್ ತೆಗೆದಾಗ ಸುತ್ತಲೂ ಅಂಥ ಗೆರೆ ಕಂಡಿತು. ಬಿಳಿಯಾಗಿರಬೇಕಿದ್ದ ಓರೆ ಅಂಚೂ ಚಹಾದ ಬಣ್ಣಕ್ಕೆ ತಿರುಗಿತ್ತು. ಹತ್ತಿಯ ನಾರಿನ ಬೋರ್ಡ್ ಎಲ್ಲಕ್ಕಿಂತ ಉತ್ತಮ. ಅದು ದೊರೆಯದಿದ್ದರೆ ಆಮ್ಲರಹಿತ, ಲಿಗ್ನಿನ್‌ರಹಿತ ಎಂದು ಎರಡನ್ನೂ ನಮೂದಿಸಿರುವುದನ್ನು ಆರಿಸಿ, ಹಿಂಬದಿಗೂ ಅದನ್ನೇ ಹಾಕಿ.

ಪ್ರಶ್ನೆ ಕೇಳಿದವರು:

ಹೊಸ ಬ್ಲೇಡ್ ಹಾಕಿ, ಅಡಿಯಲ್ಲಿ ಹಾಸು ಇಟ್ಟು, ಗೆರೆಯನ್ನು 1.5 ಮಿ.ಮೀ. ದಾಟಿಸಿ ರದ್ದಿ ತುಂಡಿನಲ್ಲಿ ಮೂರು ಕಿಟಕಿಗಳನ್ನು ಕೊಯ್ದೆ. ಮೂರನೆಯದನ್ನು ಎತ್ತಿದಾಗ ಒಳಗಿನ ತುಂಡು ತಾನಾಗಿಯೇ ಮೇಜಿನ ಮೇಲೆ ಉಳಿಯಿತು, ನಾಲ್ಕೂ ಮೂಲೆಗಳು ಚೂಪಾಗಿದ್ದವು. ಕೊಕ್ಕೆ ಪೂರ್ತಿ ಹೋಗಿಲ್ಲವಾದರೂ ಕಣ್ಣಿಟ್ಟು ಹುಡುಕಿದರಷ್ಟೇ ಕಾಣುತ್ತದೆ. ಟೇಪ್ ಹಾಕಿರುವ ಎರಡು ಚಿತ್ರಗಳನ್ನು ಇಂದೇ ಹೊರಗೆ ತೆಗೆಯುತ್ತೇನೆ.