ಮಡಿಕೇರಿಯ ಗದ್ದುಗೆ, ಓಂಕಾರೇಶ್ವರ, ಕೋಟೆ: ವಾಹನ ದಟ್ಟಣೆ ಮತ್ತು ಮಾಹಿತಿ ಫಲಕದ ಕುರಿತು

ದೇವಸ್ಥಾನ ರಸ್ತೆಯ ನಿವಾಸಿ:
ಮಾನ್ಯರೇ, ಕಳೆದ ಶನಿವಾರ ನಮ್ಮ ಗೇಟಿಗೆ ಅಡ್ಡಲಾಗಿ ಪ್ರವಾಸಿಗರ ವ್ಯಾನೊಂದು ನಿಂತಿದ್ದರಿಂದ ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವುದು ಮುಕ್ಕಾಲು ಗಂಟೆ ತಡವಾಯಿತು. ಹಿಂದಿರುಗಿದ ಚಾಲಕ ಕ್ಷಮೆ ಕೇಳಿ, ಓಂಕಾರೇಶ್ವರದ ಗುಮ್ಮಟವನ್ನು ತೋರಿಸಿ, 'ಇದು ಮಸೀದಿಯೇ?' ಎಂದರು. 1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಕಟ್ಟಿಸಿದ ಶಿವಾಲಯವೆಂದು ತಿಳಿಸಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಇಲ್ಲಿಂದ ಕೋಟೆಗೆ ನಡೆದೇ ಹೋಗಬಹುದೆಂದು ಯಾರೂ ಹೇಳದ ಕಾರಣ ಪ್ರತಿಯೊಂದು ಸ್ಥಳಕ್ಕೂ ವಾಹನದಲ್ಲೇ ಬಂದು ನಮ್ಮ ಓಣಿಯಲ್ಲಿ ನಿಲ್ಲಿಸುತ್ತಾರೆ. ವಾಹನಗಳನ್ನು ಒಂದೇ ಕಡೆ ನಿಲ್ಲಿಸಿ, ನಡಿಗೆಯ ದಾರಿ ತೋರಿಸುವ ಫಲಕ ಹಾಕುವಂತೆ ನಗರಸಭೆಗೆ ಮನವಿ ಕೊಡೋಣವೇ?

ಗದ್ದುಗೆ ಸಮೀಪದ ನಿವಾಸಿ:
ಒಪ್ಪಿದೆ, ಆದರೆ ಗದ್ದುಗೆಯನ್ನು ಕೈಬಿಡಬೇಡಿ. ಜನ ರಾಜಾಸೀಟ್ ಉದ್ಯಾನದಲ್ಲಿ ಸೂರ್ಯಾಸ್ತ ನೋಡಿ ಹೊರಟುಬಿಡುತ್ತಾರೆ. ದೊಡ್ಡವೀರರಾಜೇಂದ್ರ, ರಾಣಿ ಮಹದೇವಮ್ಮ ಮತ್ತು ಲಿಂಗರಾಜೇಂದ್ರರ ಸಮಾಧಿಗಳಿರುವ ಈ ಆವರಣಕ್ಕೆ ಬರುವವರು ಬೆರಳೆಣಿಕೆಯಷ್ಟು. ಬಂದವರಿಗೂ ಹಿಂದೂ ಅರಸರಿಗೆ ಸಮಾಧಿ ಏಕೆ ಎಂಬ ಗೊಂದಲ. ಕೊಡಗನ್ನು ಆಳಿದ ಹಾಲೇರಿ ಅರಸರು ವೀರಶೈವರಾದುದರಿಂದ ದಹನವಲ್ಲ, ಹೂಳುವುದೇ ಅವರ ಪದ್ಧತಿ ಎಂದು ಒಂದು ಸಾಲು ಬರೆದರೆ ಸಾಕು. ಗುಮ್ಮಟ, ಮಿನಾರುಗಳ ನಡುವೆ ನಂದಿ ಕುಳಿತಿರುವುದು ಆಮೇಲೆ ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಕೋಟೆ ಹಿಂಬದಿಯ ನಿವಾಸಿ:
ಫಲಕದಲ್ಲಿ 'ಟಿಪ್ಪು ಕಟ್ಟಿಸಿದ ಕೋಟೆ' ಎಂದಷ್ಟೇ ಬರೆಯುವುದಕ್ಕೆ ನನ್ನ ವಿರೋಧವಿದೆ. 17ನೆಯ ಶತಮಾನದ ಕೊನೆಯಲ್ಲಿ ಮಡಿಕೇರಿಯನ್ನು ರಾಜಧಾನಿಯಾಗಿಸಿ ಮಣ್ಣಿನ ಕೋಟೆ ಕಟ್ಟಿಸಿದವನು ಹಾಲೇರಿ ಅರಸ ಮುದ್ದುರಾಜ. ಅದನ್ನು ಕಲ್ಲಿನಿಂದ ಮತ್ತೆ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು. ಒಳಗಿನ ಅರಮನೆಯನ್ನು ನವೀಕರಿಸಿದವನು ಲಿಂಗರಾಜೇಂದ್ರ. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬಳಿಕ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚು ಈಗ ವಸ್ತುಸಂಗ್ರಹಾಲಯವಾಗಿದೆ. ಗಾರೆಯ ಜೋಡಿ ಆನೆಗಳ ಮುಂದೆ ಚಿತ್ರ ತೆಗೆಸಿಕೊಳ್ಳದವರಿಲ್ಲ, ಇರಲಿ. ಆದರೆ ಬ್ರಿಟಿಷರ ವಿರುದ್ಧದ 1837ರ ಬಂಡಾಯದ ನಾಯಕ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದ್ದು ಇಲ್ಲಿಯೇ ಎಂಬುದನ್ನೂ ಅವರು ತಿಳಿದು ಹೋಗಲಿ.

ದೇವಸ್ಥಾನ ರಸ್ತೆಯ ನಿವಾಸಿ:
ಹಾಗಾದರೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಯಲ್ಲಿ ಸೇರೋಣ. ಮನವಿಯ ಕರಡನ್ನು ನಾನು ಬರೆಯುತ್ತೇನೆ. ಕೋಟೆಯ ಭಾಗವನ್ನು ಮತ್ತು ಗದ್ದುಗೆಯ ಭಾಗವನ್ನು ತಾವಿಬ್ಬರೂ ಬರೆದು ತನ್ನಿ, ಒಂದೊಂದು ಐದು ಸಾಲು ಮೀರದಿರಲಿ. ಏರುದಾರಿ ಹತ್ತಲಾಗದ ಹಿರಿಯರಿಗೆ ಆಟೋ ನಿಲ್ದಾಣ ಎಲ್ಲಿರಬೇಕೆಂಬುದನ್ನೂ ಅಂದೇ ತೀರ್ಮಾನಿಸಬೇಕು. ಫಲಕ ಕಲ್ಲಿನದ್ದೇ ಆಗಲಿ, ಬಣ್ಣದ್ದಾದರೆ ನಮ್ಮ ಮಳೆಗಾಲ ಅದನ್ನು ಉಳಿಸುವುದಿಲ್ಲ. ಮುಂದಿನ ದಸರಾ ದಟ್ಟಣೆಗೆ ಮೊದಲು ಕೆಲಸ ಮುಗಿಯಬೇಕಾದರೆ ಈ ವಾರವೇ ಮನವಿಗೆ ಸಹಿಗಳು ಬೀಳಬೇಕು.