ಚಂದ್ರ-ಶನಿ-ಪ್ಲೂಟೊ ಟಿ-ಸ್ಕ್ವೇರ್ ಇರೋರು ಯಾರಾದ್ರೂ ಇದ್ದೀರಾ? ಅನುಭವ ಹೇಳಿ

ಹೊಸ್ತಿಲ ಶನಿ:
ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿದ್ದು 1993ರ ಮಾರ್ಚ್. ಸಾಯನ (ಪಾಶ್ಚಾತ್ಯ ಪದ್ಧತಿ) ಕುಂಡಲಿಯಲ್ಲಿ ಸಿಂಹ 23 ಡಿಗ್ರಿಯಲ್ಲಿ ಚಂದ್ರ, ಎದುರಿಗೆ ಕುಂಭ 24ರಲ್ಲಿ ಶನಿ, ಇಬ್ಬರಿಗೂ ಸ್ಕ್ವೇರ್ (90 ಡಿಗ್ರಿ) ಆಗಿ ವೃಶ್ಚಿಕ 25ರಲ್ಲಿ ಪ್ಲೂಟೊ. ಮೂರೂ ಸೇರಿ ಟಿ-ಸ್ಕ್ವೇರ್. ಅಪೆಕ್ಸ್, ಅಂದ್ರೆ ತುದಿಯ ಗ್ರಹ, ಪ್ಲೂಟೊ; ಅದರ ಎದುರಿನ ಖಾಲಿ ಕಾಲು ವೃಷಭ. ಇದನ್ನ ನೋಡಿದ ಒಬ್ಬರು "ನೀವು ಕಟ್ಟಿದ್ದನ್ನ ನೀವೇ ಕೆಡವ್ತೀರಿ" ಅಂದ್ರು. ನಿರಯನ (ನಮ್ಮ ಪಂಚಾಂಗದ ಪದ್ಧತಿ) ನೋಡೋ ಇನ್ನೊಬ್ಬರು ಅದೇ ಜನನ ವಿವರ ಹಾಕಿ "ಚಂದ್ರನ ಮೇಲೆ ಶನಿ ದೃಷ್ಟಿಯೇ ಇಲ್ವಲ್ಲಮ್ಮ" ಅಂದ್ರು. ಕೆಲಸ ಬಿಟ್ಟು ಸ್ವಂತದ್ದು ಶುರು ಮಾಡೋ ಯೋಚನೆ ಎಂಟು ತಿಂಗಳಿಂದ ಅಲ್ಲೇ ನಿಂತಿದೆ. ಇಂಥ ಜಾತಕ ಇರೋರು ಹೇಗೆ ನಿಭಾಯಿಸಿದ್ರಿ ಹೇಳಿ, ಪ್ಲೀಸ್.

ನಾಲ್ಕು ಮೂಲೆ:
ಟಿ-ಸ್ಕ್ವೇರ್‌ಗೇ ಹೀಗಂದ್ರೆ ನಮ್ಮಂಥೋರು ಎಲ್ಲಿಗೆ ಹೋಗೋದು? 1999ರ ಆಗಸ್ಟ್ 11ರ ಸೂರ್ಯಗ್ರಹಣದ ವಾರದಲ್ಲಿ ಹುಟ್ಟಿದವನು ನಾನು. ಸಿಂಹದಲ್ಲಿ ಸೂರ್ಯ, ಕುಂಭದಲ್ಲಿ ಯುರೇನಸ್, ವೃಶ್ಚಿಕದಲ್ಲಿ ಕುಜ, ವೃಷಭದಲ್ಲಿ ಶನಿ. ನಾಲ್ಕು ಮೂಲೆಯಲ್ಲೂ ಗ್ರಹ, ಪೂರ್ತಿ ಗ್ರ್ಯಾಂಡ್ ಕ್ರಾಸ್, ನಾಲ್ಕೂ ಸ್ಥಿರ ರಾಶಿ. ನಿಮಗೆ ಉಸಿರಾಡೋಕೆ ಒಂದು ಖಾಲಿ ಕಾಲಾದ್ರೂ ಇದೆ.

ಸ್ಥಿರದವರಿಗೆ ಕೆಡವೋ ಕಾಯಿಲೆ ಇರಲ್ಲ, ಬಿಡದೇ ಇರೋ ಕಾಯಿಲೆ. ನನ್ನ ಮೊದಲನೇ ಕೆಲಸದಲ್ಲಿ ಹದಿನಾಲ್ಕು ತಿಂಗಳು ಇದ್ದೆ. ಒಂಬತ್ತನೇ ತಿಂಗಳಿಗೆ ಸಂಬಳ ನಿಂತಿತ್ತು. ಜೊತೆಗಿದ್ದ ಆರು ಜನ ಒಬ್ಬೊಬ್ಬರಾಗಿ ಎದ್ದು ಹೋದ್ರು, ಕೊನೆಗೆ ಕಚೇರಿ ಬೀಗ ತೆಗೆಯೋನೂ ನಾನೇ, ಹಾಕೋನೂ ನಾನೇ. ಆ ಐದು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ.

ಆಮೇಲೆ ಹಟಕ್ಕೆ ಬಿದ್ದು ಲೆಕ್ಕ ಇಡೋಕೆ ಶುರು ಮಾಡ್ದೆ. ಚಂದ್ರ ಹೆಚ್ಚುಕಮ್ಮಿ ಏಳು ದಿನಕ್ಕೊಂದು ಸಲ ನನ್ನ ಒಂದೊಂದು ಮೂಲೆ ತುಳೀತಾನೆ. ಎರಡು ವರ್ಷ ಎರಡು ತಿಂಗಳು, 200 ಪುಟದ ಮೂರು ನೋಟ್‌ಬುಕ್, ಜಗಳ ಆದ್ರೆ ಕೆಂಪು ಇಂಕು. ಒಟ್ಟು 41 ಕೆಂಪು ಸಾಲು. ಎಷ್ಟು ಹೆಮ್ಮೆ ಅಂದ್ರೆ ತಂಗಿಗೆ ತೋರಿಸಿದೆ. ಅವಳು ಹತ್ತು ಪುಟ ತಿರುವಿ "ಉಳಿದ ದಿನ ಆಡಿದ ಜಗಳ ಎಲ್ಲೋ?" ಅಂದ್ಳು. ಬರೆದಿರ್ಲಿಲ್ಲ. ಚಂದ್ರ ಮೂಲೆಗೆ ಬಂದ ದಿನ ಮಾತ್ರ ಪುಸ್ತಕ ತೆಗೀತಿದ್ದೆ.

ಆದ್ರೂ ಹೇಳ್ತೀನಿ, ಕ್ರಾಸ್ ಸುಳ್ಳಲ್ಲ. ನನ್ನ ಲೆಕ್ಕ ಸುಳ್ಳು.

ಭಾವಫಲ:
ನಾಲ್ಕು ಮೂಲೆಯವರೇ, ಸ್ಥಿರ ಸ್ಥಿರ ಎಂದು ಎದೆ ತಟ್ಟಿಕೊಳ್ಳುವ ಮೊದಲು ನಿಮ್ಮ ಗ್ರಹಸ್ಫುಟಗಳಿಂದ (ಗ್ರಹಗಳ ಡಿಗ್ರಿಗಳಿಂದ) ಅಯನಾಂಶ, ಅಂದರೆ ಸಾಯನ-ನಿರಯನಗಳ ಅಂತರ, ಕಳೆಯಿರಿ. 1999ಕ್ಕೆ ಅದು ಸುಮಾರು 23 ಭಾಗೆ (ಡಿಗ್ರಿ) 51 ಕಲೆ (ಭಾಗೆಯ ಅರವತ್ತರಲ್ಲೊಂದು ಪಾಲು). ಸೂರ್ಯ ಕರ್ಕಾಟಕಕ್ಕೆ ಬಂದ, ಯುರೇನಸ್ ಮಕರಕ್ಕೆ, ಕುಜ ತುಲೆಗೆ, ಶನಿ ಮೇಷಕ್ಕೆ. ನಾಲ್ಕೂ ಚರ ರಾಶಿ! ಕೋನ ಅದೇ 90, ಆಕಾಶ ಅದೇ, ನಿಮ್ಮ 'ಬಿಡದೇ ಇರುವ ಕಾಯಿಲೆ' ಮಾತ್ರ ಆವಿಯಾಯಿತು. ಜೊತೆಗೆ ಶನಿ ನೀಚನಾದ (ಬಲಗುಂದಿದ), ಅದನ್ನು ಯಾರೂ ನಿಮಗೆ ಹೇಳಿದಂತಿಲ್ಲ.

ನನ್ನದು ಕೇಳಿ. ಮಕರದಲ್ಲಿ ಶನಿ, ಮೇಷದಲ್ಲಿ ಕುಜ, ಇಬ್ಬರೂ ಸ್ವಕ್ಷೇತ್ರ, ನಡುವೆ ಸರಿಯಾಗಿ 90 ಭಾಗೆ. ಪಾಶ್ಚಾತ್ಯ ಪದ್ಧತಿಯವರೊಬ್ಬರು "ಅತಿ ಕ್ರೂರ ಸ್ಕ್ವೇರ್, ವಾಹನ ಮುಟ್ಟಬೇಡಿ" ಎಂದರು. ಹತ್ತೊಂಬತ್ತು ತಿಂಗಳು ಮುಟ್ಟಲಿಲ್ಲ. ಕೆಲಸಕ್ಕೆ ಹೋಗಲು 50 ನಿಮಿಷ, ಬರಲು 50 ನಿಮಿಷ, ಮಳೆಯಲ್ಲೂ ನಡಿಗೆ. ಮೂರು ಜೊತೆ ಚಪ್ಪಲಿ ಸವೆದವು, ಎಡ ಹಿಮ್ಮಡಿಯ ನೋವು ಇಂದಿಗೂ ಹೋಗಿಲ್ಲ. ನಿಂತ ಗಾಡಿಯ ಬ್ಯಾಟರಿ ಎರಡು ಸಲ ಸತ್ತಿತು.

ಆಮೇಲೆ ನಾನೇ ಕೂತು ಕಲಿತೆ. ಗ್ರಹ ಕೂತ ರಾಶಿಯಿಂದ ಎಣಿಸಿದರೆ ಶನಿಗೆ ವಿಶೇಷ ದೃಷ್ಟಿ 3 ಮತ್ತು 10, ಕುಜನಿಗೆ 4 ಮತ್ತು 8, ಏಳು ಎಲ್ಲರಿಗೂ ಇದ್ದದ್ದೇ. ಮಕರದಿಂದ ಮೇಷ ನಾಲ್ಕನೆಯದು, ಶನಿ ನೋಡುವುದಿಲ್ಲ. ಮೇಷದಿಂದ ಮಕರ ಹತ್ತನೆಯದು, ಕುಜ ನೋಡುವುದಿಲ್ಲ. ವಿಶೇಷ ದೃಷ್ಟಿಯೂ ಇಲ್ಲ, ಪೂರ್ಣ ದೃಷ್ಟಿಯೂ ಇಲ್ಲ! ಅದೇ ಶನಿಯನ್ನು ಕರ್ಕಾಟಕಕ್ಕೆ ಹಾಕಿ ನೋಡಿ. ಕುಜನ ನಾಲ್ಕನೇ ದೃಷ್ಟಿ ಶನಿಗೆ, ಶನಿಯ ಹತ್ತನೇ ದೃಷ್ಟಿ ಕುಜನಿಗೆ, ಪರಸ್ಪರ ಗುದ್ದಾಟ. ಎರಡೂ ಕಡೆ 90 ಭಾಗೆಯೇ. ದಿಕ್ಕು ನೋಡದೆ ಕೋನ ಅಳೆಯುವವರು ನನ್ನ ಹಿಮ್ಮಡಿಗೆ ಉತ್ತರ ಹೇಳಲಿ.

ನಾಲ್ಕು ಮೂಲೆ:
ಗುರುಗಳೇ, ನಡೀರಿ ಅಂತ ನಾನು ಹೇಳಿರ್ಲಿಲ್ಲ. ಕಾಲು ಭಾಗ, ಮುಕ್ಕಾಲು ಭಾಗ ದೃಷ್ಟಿ ಅಂತ ನಿಮ್ಮಲ್ಲೇ ಇದೆಯಲ್ಲ? ನಾಲ್ಕನೇ ಮನೆಗೆ ಎಲ್ಲ ಗ್ರಹಕ್ಕೂ ಮುಕ್ಕಾಲು, ಹತ್ತಕ್ಕೆ ಕಾಲು. ಹಾಗಿದ್ಮೇಲೆ ನಿಮ್ಮ ಶನಿ ಕುಜನ್ನ ಮುಕ್ಕಾಲು ಕಣ್ಣಲ್ಲಿ ನೋಡ್ತಿದಾನೆ. ಬೇಕಾದಾಗ ಪೂರ್ಣ, ಬೇಡವಾದಾಗ ಇಲ್ಲವೇ ಇಲ್ಲ, ಇದ್ಯಾವ ಲೆಕ್ಕ?

ಭಾವಫಲ:
ಷಡ್ಬಲ (ಗ್ರಹಬಲ ಅಳೆಯುವ) ಲೆಕ್ಕಕ್ಕೆ ಇರುವುದನ್ನು ಫಲ ಹೇಳಲು ಎಳೆದು ತರಬೇಡಿ. ಎರಡು ವರ್ಷ ಕೆಂಪು ಇಂಕಿನಲ್ಲಿ ಅರ್ಧ ಲೆಕ್ಕ ಬರೆದವರಿಂದ ಪಾಠ ಬೇಡ.

ಆರೋ ಒಂಬತ್ತೋ:
ಇಬ್ಬರೂ ಸ್ವಲ್ಪ ಸುಮ್ಮನಿರಿ. ತಂಗಿ, ನನ್ನ ಕಥೆ ಕೇಳು. ನನ್ನದೂ ಟಿ-ಸ್ಕ್ವೇರ್, ಅಪೆಕ್ಸ್ ಶನಿ. ಹೇಳಿದವರು ಕೋನಕ್ಕಿಂತ ಮನೆಗೇ ಜಾಸ್ತಿ ಒತ್ತು ಕೊಟ್ಟರು: "ಏಳನೇ ಮನೆಯಲ್ಲಿ ಕೂತಿದ್ದಾನೆ, ಮದುವೆಯ ಹೆಸರಲ್ಲಿ ಎಲ್ಲ ಒತ್ತಡವೂ ಅಲ್ಲೇ ಸುರಿಯುತ್ತೆ." ಆಗ ನನಗೆ 27. ಎರಡು ಸಂಬಂಧ ನಾನಾಗಿಯೇ ಬೇಡ ಅಂದೆ. ಎರಡನೆಯವರು ಒಳ್ಳೆಯವರು, ಕಾರಣ ಕೇಳಿದರು. ಕಾರಣ ಹೇಳೋಕೂ ನಾಚಿಕೆ ಆಗಿ ಏನೋ ಸುಳ್ಳು ಹೇಳಿದೆ. ಮೂರನೆಯದು ಬರಲೇ ಇಲ್ಲ.

39ನೇ ವಯಸ್ಸಲ್ಲಿ ಅಪ್ಪನ ಹಳೇ ಡೈರಿ ಕೈಗೆ ಬಂತು. ನನ್ನ ಜನನದ ಸಾಲು, ಕನ್ನಡ ಅಂಕಿಯಲ್ಲಿ. ಇಷ್ಟು ವರ್ಷ ಎಲ್ಲರೂ ಬೆಳಿಗ್ಗೆ ೬-೪೦ ಅಂತ ಓದಿದ್ದರು. ಅದೇ ಪುಟದ ಕೆಳಗೆ ಅಪ್ಪ ೬ ಅನ್ನೋ ಅಂಕಿಯನ್ನ ಇನ್ನೊಂದು ಕಡೆ ಬರೆದಿದ್ದಾರೆ, ಅದರ ಬಾಲ ಬೇರೆ ಥರ. ಭೂತಗನ್ನಡಿ ಹಿಡಿದು ಎರಡನ್ನೂ ಪಕ್ಕ ಪಕ್ಕ ನೋಡಿದೆ. ನನ್ನದು ೯-೪೦. ಮೂರು ಗಂಟೆ ವ್ಯತ್ಯಾಸ! ಲಗ್ನ, ಅಂದರೆ ಹುಟ್ಟುವಾಗ ಪೂರ್ವದಲ್ಲಿ ಉದಯಿಸೋ ಬಿಂದು, ಮನೆ ಎಣಿಸೋದು ಅಲ್ಲಿಂದಲೇ, ನಾಲ್ಕು ನಿಮಿಷಕ್ಕೆ ಹೆಚ್ಚುಕಮ್ಮಿ ಒಂದು ಡಿಗ್ರಿ ಸರಿಯುತ್ತೆ, ಅಂದರೆ ಸುಮಾರು 45 ಡಿಗ್ರಿ ಆಚೆ. ಶನಿ ಆರನೇ ಮನೆಗೆ ಇಳಿದಿದ್ದ. ಚಂದ್ರ ಅಷ್ಟರಲ್ಲಿ ಒಂದೂವರೆ ಡಿಗ್ರಿ ನಡೆದಿದ್ದ, ಅಷ್ಟೇ, ಅದಕ್ಕೆ ಟಿ-ಸ್ಕ್ವೇರ್ ಕೂದಲೂ ಕೊಂಕದೆ ಹಾಗೇ ಇತ್ತು. ಹನ್ನೆರಡು ವರ್ಷ ನಾನು ಹೆದರಿದ್ದು ಕೋನಕ್ಕೆ ಅಂದುಕೊಂಡಿದ್ದೆ. ಹೆದರಿದ್ದು ಅಂಕಿಯ ಬಾಲಕ್ಕೆ.

ಸಮಯ ಸರಿಯಿದೆಯಾ ಅಂತ ಆ ಪುಣ್ಯಾತ್ಮರು ಒಂದು ಸಲವೂ ಕೇಳಲಿಲ್ಲ ನೋಡು, ಅದೇ ನನಗೆ ಇನ್ನೂ ಉರಿಯೋದು.

ಬಿಟ್ಟವನು:
ಅಕ್ಕಾ, ಸಮಯ ಸರಿ ಇದ್ದಿದ್ರೂ ವ್ಯತ್ಯಾಸ ಆಗ್ತಿರ್ಲಿಲ್ಲ. ಹನ್ನೊಂದು ವರ್ಷ ಜಾತಕ ನೋಡಿ ಬಿಟ್ಟವನು ನಾನು, ಅನುಭವದಿಂದ ಹೇಳ್ತಿದೀನಿ.

ಒಂದಿನ ಒಬ್ಬರಿಗೆ 40 ನಿಮಿಷ ಟಿ-ಸ್ಕ್ವೇರ್ ಬಿಡಿಸಿ ಹೇಳಿದೆ. ಅಪೆಕ್ಸ್ ಕುಜ, ಅಪ್ಪನ ಜೊತೆ ಸಂಘರ್ಷ, ಅದುಮಿಟ್ಟ ಕೋಪ. ಅವರು ಕಣ್ಣೊರೆಸಿಕೊಂಡ್ರು. ಕೊನೆಗೆ ಪ್ರಿಂಟ್ ಕೊಡೋವಾಗ ನೋಡಿದ್ರೆ ಹುಟ್ಟಿದ ವರ್ಷ ಬೇರೆ! ತಾರೀಖು ಅದೇ, ಬೇರೆಯವರ ಫೈಲ್. ಬಾಯಿ ಒಣಗಿ ಹೋಯ್ತು. ನಿಜ ಹೇಳಿ ದುಡ್ಡು ವಾಪಸ್ ಕೊಟ್ಟೆ. ಅವರು ದುಡ್ಡು ತಗೊಳ್ಳಲಿಲ್ಲ, "ಇದೇ ನನ್ನದು, ಆ ಇನ್ನೊಂದು ಬೇಡ" ಅಂತ ತಪ್ಪು ಕುಂಡಲಿಯನ್ನೇ ಮಡಚಿ ಜೇಬಿಗಿಟ್ಟುಕೊಂಡು ಹೋದ್ರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಓದಿದೆ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನೋ ಮನಶ್ಶಾಸ್ತ್ರಜ್ಞ 39 ವಿದ್ಯಾರ್ಥಿಗಳಿಗೆ 'ಇದು ನಿನ್ನ ಸ್ವಭಾವ' ಅಂತ ಒಂದೇ ಬರಹ ಹಂಚಿದ. ಎಷ್ಟು ಹೊಂದುತ್ತೆ ಅಂತ ಕೇಳಿದ್ದಕ್ಕೆ ಐದಕ್ಕೆ ಸರಾಸರಿ 4.26 ಅಂಕ ಬಂತು. 1985ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಶಾನ್ ಕಾರ್ಲ್ಸನ್ ಪರೀಕ್ಷೆಯಲ್ಲಿ ಜ್ಯೋತಿಷಿಗಳಿಗೆ ಒಂದು ಕುಂಡಲಿ, ಮೂರು ವ್ಯಕ್ತಿತ್ವ ವಿವರ ಕೊಟ್ಟು ಸರಿಯಾದ್ದನ್ನ ಆರಿಸಿ ಅಂದ್ರು. ಕಣ್ಣು ಮುಚ್ಚಿ ಆರಿಸಿದ್ರೆ ಎಷ್ಟು ಬರುತ್ತೋ ಅಷ್ಟೇ ಬಂತು, ಮೂರಕ್ಕೊಂದು.

ಆರೋ ಒಂಬತ್ತೋ:
ಹನ್ನೊಂದು ವರ್ಷ ದುಡ್ಡು ಎಣಿಸಿಕೊಂಡು ಈಗ ನಮಗೆ ವಿಜ್ಞಾನ ಹೇಳೋಕೆ ಬಂದ್ರಾ? ಅಷ್ಟು ವರ್ಷದಲ್ಲಿ ನಿಮ್ಮ ಮಾತು ಕೇಳಿ ಸಂಬಂಧ ಬಿಟ್ಟವರು ಎಷ್ಟು ಜನ, ಅದನ್ನ ಮೊದಲು ಹೇಳಿ.

ಬಿಟ್ಟವನು:
ಇಬ್ಬರು, ನನಗೆ ಗೊತ್ತಿರೋ ಹಾಗೆ. ಇಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೀನಿ. ಒಬ್ಬರು ಪೂರ್ತಿ ಕೇಳಿಸಿಕೊಂಡು ಏನೂ ಮಾತಾಡದೆ ಇಟ್ಟುಬಿಟ್ರು.

ದೈವದ ಬೆರಳು:
ಇಲ್ಲಿ ಯೋಡ್ ಬಗ್ಗೆ ಯಾರೂ ಮಾತೇ ಆಡ್ತಿಲ್ಲ. ಟಿ-ಸ್ಕ್ವೇರ್ ಆದ್ರೆ ಎದುರಿಗೆ ನಿಂತು ಹೊಡೆಯುತ್ತೆ, ಗೊತ್ತಾಗುತ್ತೆ. ಯೋಡ್ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ. ಎರಡು ಗ್ರಹ 60ರಲ್ಲಿ, ಎರಡೂ ಒಂದೊಂದಾಗಿ ಮೂರನೆಯದಕ್ಕೆ 150. ನನ್ನ ಅಪೆಕ್ಸ್ ಶುಕ್ರ. ನಾಲ್ಕು ಕೋರ್ಸ್ ಸೇರಿದೆ, ನಾಲ್ಕೂ ಅರ್ಧಕ್ಕೆ, ಪ್ರತಿ ಸಲವೂ ಕೊನೇ ಪರೀಕ್ಷೆಗೆ ಮೂರು ವಾರ ಇರೋವಾಗ. ನಾಲ್ಕನೇ ಸಲ ಶುಲ್ಕ ಪೂರ್ತಿ ಕಟ್ಟಿದ್ದೆ, ಹಾಲ್ ಟಿಕೆಟ್ ಈಗಲೂ ಪರ್ಸಲ್ಲಿದೆ.

ನಾಲ್ಕು ಮೂಲೆ:
ಓರ್ಬ್, ಅಂದ್ರೆ ಸರಿಯಾದ ಕೋನದಿಂದ ತಪ್ಪಿರೋದು, ಎಷ್ಟು?

ದೈವದ ಬೆರಳು:
ಒಂದು ಕಡೆ 2, ಇನ್ನೊಂದು ಕಡೆ 4 ಮುಕ್ಕಾಲು.

ನಾಲ್ಕು ಮೂಲೆ:
4 ಮುಕ್ಕಾಲಿಗೆ ಯೋಡ್ ಆಗಲ್ಲ ಮೇಡಂ. 2, ತೀರಾ ಜಾಸ್ತಿ ಅಂದ್ರೆ 3.

ದೈವದ ಬೆರಳು:
ನಿಮ್ಮ ಕ್ರಾಸ್‌ಗೆ ಎಂಟು ಡಿಗ್ರಿ ಬಿಟ್ಟುಕೊಳ್ತೀರಿ, ನನಗೆ ನಾಲ್ಕು ಮುಕ್ಕಾಲು ಕೊಡೋಕೆ ಆಗಲ್ವಾ? ನನ್ನ ನಾಲ್ಕು ಕೋರ್ಸ್ ಯಾವ ಓರ್ಬಿಗೆ ಹೋದವು ಹಾಗಾದ್ರೆ?

ಭಾವಫಲ:
150 ಭಾಗೆಗೆ ದೃಷ್ಟಿಯೇ ಇಲ್ಲ. ನಿಮ್ಮ ಪಾಶ್ಚಾತ್ಯ ಜ್ಯೋತಿಷದ ಹಳೆಯ ಗುರು ಟಾಲೆಮಿಯೇ ಅದನ್ನು ಎಣಿಸಿಲ್ಲ. ಒಂದನ್ನೊಂದು ಕಾಣದ ರಾಶಿಗಳು ಎಂದು ಬಿಟ್ಟಿದ್ದಾನೆ. ಹೊಸ ಕೋನ ಸೇರಿಸುವ ಚಾಳಿಗೆ ಖಗೋಳಜ್ಞ ಕೆಪ್ಲರ್ ದಾರಿ ಮಾಡಿಕೊಟ್ಟ, 72, 135, 144 ಎಂದು. ಹೀಗೇ ಸೇರಿಸುತ್ತಾ ಹೋದರೆ ತಪ್ಪಿಸಿಕೊಳ್ಳಲು ಯಾವ ಗ್ರಹಕ್ಕೂ ಜಾಗ ಉಳಿಯುವುದಿಲ್ಲ.

ಈ ಎಲ್ಲದರ ನಡುವೆ ಪ್ರಶ್ನೆ ಕೇಳಿದವರ ಜಾತಕ ಯಾರೂ ತೆರೆದಂತಿಲ್ಲ. 1993ಕ್ಕೆ ಅಯನಾಂಶ 23 ಭಾಗೆ 46 ಕಲೆ. ಚಂದ್ರ ಕರ್ಕಾಟಕದ ಕೊನೆಯ ಭಾಗೆಯಲ್ಲಿ, ಶನಿ ಕುಂಭದ ಮೊದಲ ಭಾಗೆಯಲ್ಲಿ. ಶನಿಯಿಂದ ಚಂದ್ರ ಆರನೆಯವನು, ಷಷ್ಠಾಷ್ಟಕ (ಆರು-ಎಂಟರ ಸಂಬಂಧ), ದೃಷ್ಟಿ ಇಲ್ಲ. ಪ್ಲೂಟೊವನ್ನು ಕಂಡುಹಿಡಿದದ್ದೇ 1930ರಲ್ಲಿ, ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮಗೆ ಟಿಯೂ ಇಲ್ಲ, ಸ್ಕ್ವೇರೂ ಇಲ್ಲ.

ನಾಲ್ಕು ಮೂಲೆ:
179 ಡಿಗ್ರಿ ದೂರದಲ್ಲಿ ಎದುರಾ ಎದುರು ನಿಂತಿರೋರನ್ನ ರಾಶಿ ಗೆರೆ ಎಳೆದು 'ಕಾಣಿಸ್ತಿಲ್ಲ' ಅಂತೀರಲ್ಲ! ಚಂದ್ರ ಒಂದು ಡಿಗ್ರಿ ಮುಂದೆ ಹೋದ್ರೆ ದೃಷ್ಟಿ ಬಂತು, ಇಲ್ಲಾಂದ್ರೆ ಇಲ್ವಾ? ಎರಡು ಗಂಟೆ ಕೂಡ ಬೇಡ ಅವನಿಗೆ ಅಷ್ಟು ನಡೆಯೋಕೆ. ಹೊಸ್ತಿಲ ಶನಿಯವರೇ, 2024ರ ಮೇ-ಜೂನ್‌ನಲ್ಲಿ ಯುರೇನಸ್ ನಿಮ್ಮ ಖಾಲಿ ಕಾಲು ವೃಷಭ 23-25ರಲ್ಲಿತ್ತು, 2025ರ ಶುರುವಿಗೆ ವಕ್ರವಾಗಿ ಮತ್ತೆ ಅಲ್ಲಿಗೇ ಬಂತು. ಆಗ ನಿಮ್ಮದೂ ತಾತ್ಕಾಲಿಕ ಗ್ರ್ಯಾಂಡ್ ಕ್ರಾಸ್. ಏನಾಯ್ತು ಹೇಳಿ, ಇವರ ಬಾಯಿ ಮುಚ್ಚಿಸೋಣ.

ಹೊಸ್ತಿಲ ಶನಿ:
ಎಲ್ಲರಿಗೂ ಧನ್ಯವಾದ. ಮೇ-ಜೂನ್‌ನಲ್ಲಿ ಏನೂ ಆಗಿಲ್ಲ ಸರ್. ರಜೆ ಸಿಗಲಿಲ್ಲ ಅನ್ನೋದೊಂದೇ ನೆನಪು. ನಾನು ಕೇಳಿದ್ದು ಕೆಲಸ ಬಿಡೋದರ ಬಗ್ಗೆ...

ಆರೋ ಒಂಬತ್ತೋ:
ತಂಗಿ, ನಿನ್ನ ಜನನ ಸಮಯ ಬರೆದಿಟ್ಟವರು ಯಾರು? ಯಾವ ಅಂಕಿಯಲ್ಲಿ?

ಹೊಸ್ತಿಲ ಶನಿ:
ಆಸ್ಪತ್ರೆ ಚೀಟಿ ಅಕ್ಕ, ರಾತ್ರಿ 11.40. ಇಂಗ್ಲಿಷ್ ಅಂಕಿ. ಆದ್ರೆ ಸೊನ್ನೆ ಮೇಲೆ ಒಂದು ಅಂತ ತಿದ್ದಿದ ಹಾಗಿದೆ, ಮೊದಲು 10.40 ಇತ್ತೇನೋ ಅನ್ನಿಸುತ್ತೆ.

ಆರೋ ಒಂಬತ್ತೋ:
ಆ ಚೀಟಿಯ ಫೋಟೊ ಹಾಕು. ಬೆಳಕಿಗೆ ಹಿಡಿದು, ಹಿಂಬದಿಯಿಂದಲೂ ಒಂದು ತೆಗಿ.

ಭಾವಫಲ:
10.40 ಆದರೆ ಚಂದ್ರ ಇನ್ನೂ ಅರ್ಧ ಭಾಗೆ ಹಿಂದೆ, ಕರ್ಕಾಟಕದಲ್ಲಿ ಇನ್ನಷ್ಟು ಭದ್ರ. ನಾನು ಹೇಳಿದ್ದೇ ಆಯಿತು.

ದೈವದ ಬೆರಳು:
ಅವರಿಗೆ ಅರ್ಧ ಭಾಗೆಯ ಲೆಕ್ಕ ಉಂಟು, ನನ್ನ ನಾಲ್ಕು ಮುಕ್ಕಾಲಿಗೆ ಮಾತ್ರ ಇಲ್ಲ.