ಸಹಾಯ ಬೇಕು: ವಕೀಲರ ಸಲಹೆ ಗೋಪ್ಯ ಅಂತ ಪೂರ್ತಿ ನಡಾವಳಿಯನ್ನೇ ತಡೆಹಿಡಿಯಬಹುದಾ?

ಎಲ್ಲರಿಗೂ ನಮಸ್ಕಾರ. ಕೊಡಗಿನ ಒಂದು ಗ್ರಾಮ ಪಂಚಾಯಿತಿಯ ವಿಷಯ. ಕಸ ವಿಲೇವಾರಿಗೆ ಗುರುತಿಸಿದ ಪೈಸಾರಿ (ಸರ್ಕಾರಿ) ಜಾಗದ ಮೇಲೆ ಕೋರ್ಟಲ್ಲಿ ಕೇಸಿದೆ. ಸಾಮಾನ್ಯ ಸಭೆಯಲ್ಲಿ ವಕೀಲರ ಲಿಖಿತ ಅಭಿಪ್ರಾಯ ಓದುವ ಮೊದಲು ಜನರನ್ನು ಹೊರಗೆ ಕಳಿಸಿದರು. ಅದಕ್ಕೆ ತಕರಾರಿಲ್ಲ, ಎದುರು ಪಕ್ಷದವರು ಅಲ್ಲೇ ಕೂತಿರುವಾಗ ಕೇಸಿನ ದುರ್ಬಲ ಅಂಶ ಓದೋಕಾಗಲ್ಲ. ಆದರೆ ಬೇಲಿ ಟೆಂಡರ್, ಬದಲಿ ಜಾಗದ ಠರಾವು ಎರಡೂ ಮುಚ್ಚಿದ ಬಾಗಿಲೊಳಗೇ ಆಗಿವೆ. ಇವು ಕಾನೂನು ಸಲಹೆ ಹೇಗಾಗುತ್ತೆ?

ಮಾಹಿತಿ ಹಕ್ಕಿನ ಅರ್ಜಿ ನಮೂನೆ ಎ ಕೊಟ್ಟು, 10 ರೂಪಾಯಿ ಶುಲ್ಕ ಕಟ್ಟಿ ನಡಾವಳಿ ಪ್ರತಿ ಕೇಳಿದ್ದಾಯ್ತು. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 8(1)(ಇ), ವಿಶ್ವಾಸಾಧಾರಿತ ಸಂಬಂಧ (ನಂಬಿಕೆಯ ಮೇಲೆ ಬಂದ ಮಾಹಿತಿ), ಕೊಡಲಾಗದು ಅಂತ ಹಿಂಬರಹ ಬಂತು. ಕಲಂ 10ರಂತೆ ವಕೀಲರ ಅಭಿಪ್ರಾಯದ ಭಾಗ ಬಿಟ್ಟು ಉಳಿದದ್ದು ಕೊಡಿ ಅಂತ ಬರೆದರೂ ಅದೇ ಉತ್ತರ.

ಗೊಂದಲ ಇರೋದು ಇಲ್ಲಿ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 132 ಗೋಪ್ಯತೆಗೆ ಕಟ್ಟಿಹಾಕೋದು ವಕೀಲರನ್ನು, ಕಕ್ಷಿದಾರರು ಒಪ್ಪಿದರೆ ಅದೂ ಸಡಿಲ. ಇಲ್ಲಿ ಕಕ್ಷಿದಾರ ಪಂಚಾಯಿತಿಯೇ.

ಹಾಗಿದ್ದರೆ ಕಕ್ಷಿದಾರನಾದ ಸಾರ್ವಜನಿಕ ಸಂಸ್ಥೆ ತನ್ನದೇ ಠರಾವಿಗೆ 8(1)(ಇ) ಹೇಳಬಹುದಾ? 30 ದಿನದೊಳಗೆ ಹಾಕಬೇಕಾದ, ಮಾಹಿತಿ ಹಕ್ಕು ಕಾಯ್ದೆಯ 19(1) ಮೇಲ್ಮನವಿಯಲ್ಲಿ ಕಲಂ 10 ಮುಖ್ಯ ಆಧಾರ ಆಗಲಾ, 8(2)ರ ಸಾರ್ವಜನಿಕ ಹಿತಾಸಕ್ತಿಯಾ? ಇಂಥದ್ದಕ್ಕೆ ಮಾಹಿತಿ ಆಯೋಗದ ಆದೇಶ ಇದ್ದರೆ ಸಂಖ್ಯೆ ತಿಳಿಸಿ.